ಕೊಡೆ ಬಿಟ್ಟು ಹೊರಟ ಟ್ಯಾಂಕುಗಳು: 1973ರ ಅಕ್ಟೋಬರ್ 14ರಂದು ಸಿನಾಯ್‌ನಲ್ಲಿ ಆದದ್ದೇನು?

1973ರ ಅಕ್ಟೋಬರ್ 13ರ ರಾತ್ರಿ ಸೂಯೆಜ್ ಕಾಲುವೆಯ ಪೂರ್ವ ದಂಡೆಯಲ್ಲಿ ಈಜಿಪ್ಟಿನ ಐದು ಪದಾತಿ ಡಿವಿಜನ್‌ಗಳು ಗಟ್ಟಿಯಾಗಿ ನೆಲೆಯೂರಿದ್ದವು. ಆರು ವರ್ಷ ಹಿಂದೆ ಕಳೆದುಕೊಂಡ ಸಿನಾಯ್ ಮರಳುಗಾಡಿನ ಒಂದು ಪಟ್ಟಿ ಮತ್ತೆ ಅವರ ಕೈಯಲ್ಲಿತ್ತು. ಅದನ್ನು ಕಿತ್ತುಕೊಳ್ಳಲು ಬಂದ ಇಸ್ರೇಲಿ ಟ್ಯಾಂಕುಗಳು ಅಲ್ಲಲ್ಲೇ ಸುಟ್ಟು ನಿಂತಿದ್ದವು. ಇದಾದ ಹತ್ತೇ ದಿನಕ್ಕೆ ಆ ಐದರಲ್ಲಿ ಎರಡು ಡಿವಿಜನ್‌ಗಳು ಕುಡಿಯುವ ನೀರಿಗೂ ಶತ್ರುವಿನ ಅಪ್ಪಣೆ ಕಾಯಬೇಕಾಯಿತು. ನಡುವೆ ನಡೆದದ್ದು 14ರ ಬೆಳಗಿನ ಒಂದು ಟ್ಯಾಂಕ್ ದಾಳಿ. ಸುಮಾರು 400 ಟ್ಯಾಂಕುಗಳು ಹೊರಟವು, ಮಧ್ಯಾಹ್ನದ ಹೊತ್ತಿಗೆ 250ರಷ್ಟು ಹೋಗಿದ್ದವು.

ಈ ಕಥೆಯನ್ನು ಸಾಮಾನ್ಯವಾಗಿ ಇಸ್ರೇಲಿ ಗುರಿಕಾರರ ಕೈಚಳಕದ ಕಥೆಯಾಗಿ ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. 250 ಟ್ಯಾಂಕ್ ಹೋದ ಮಾತ್ರಕ್ಕೆ ಈಜಿಪ್ಟಿನಂಥ ಸೈನ್ಯ ಯುದ್ಧ ಸೋಲುವುದಿಲ್ಲ, ಅದರ ಬಳಿ ಇನ್ನೂ ನೂರಾರು ಇದ್ದವು. ಆ ಟ್ಯಾಂಕುಗಳು ಎಲ್ಲಿಗೆ ಹೋದವು ಎನ್ನುವಷ್ಟೇ ಮುಖ್ಯ, ಅವು ಯಾವ ಜಾಗ ಬಿಟ್ಟು ಹೋದವು ಎನ್ನುವುದು. ಅದು ತಿಳಿಯಬೇಕಾದರೆ ಮೊದಲ ವಾರ ಈಜಿಪ್ಟ್ ಗೆದ್ದದ್ದು ಹೇಗೆ ಎಂಬುದರಿಂದಲೇ ಶುರುಮಾಡಬೇಕು.

ಮರಳಿನ ಗೋಡೆ, ನೀರಿನ ಪಂಪು

1967ರ ಆರು ದಿನಗಳ ಯುದ್ಧದಲ್ಲಿ ಇಸ್ರೇಲ್ ಇಡೀ ಸಿನಾಯ್ ಹಿಡಿದು ಕಾಲುವೆಯ ದಡಕ್ಕೆ ಬಂದು ನಿಂತಿತ್ತು. ಕಾಲುವೆಯ ಅಗಲ ಸುಮಾರು 200 ಮೀಟರ್. ಪೂರ್ವ ದಂಡೆಯುದ್ದಕ್ಕೂ ಇಸ್ರೇಲ್ ಮರಳಿನ ಗೋಡೆ ಎಬ್ಬಿಸಿತ್ತು. ಕೆಲವೆಡೆ ಅದು ಆರು ಮಹಡಿ ಕಟ್ಟಡದಷ್ಟು, ಸುಮಾರು 20 ಮೀಟರ್ ಎತ್ತರವಿತ್ತು. ನಡುನಡುವೆ ಕೋಟೆಗಳು. ಇದೇ ಬಾರ್-ಲೆವ್ ರೇಖೆ. ಕಾಲಾಳು ಏಣಿ ಹಾಕಿ ಗೋಡೆ ಹತ್ತಬಹುದು, ಟ್ಯಾಂಕ್ ಹತ್ತಲಾರದು. ಗೋಡೆಯಲ್ಲಿ ಬಾಗಿಲು ತೆಗೆಯದಿದ್ದರೆ ಸೇತುವೆ ಹಾಕಿಯೂ ಪ್ರಯೋಜನವಿಲ್ಲ.

ಏಳು ಮೀಟರ್ ಅಗಲದ ಒಂದು ಬಾಗಿಲಿಗೆ ಸುಮಾರು 1,500 ಘನಮೀಟರ್ ಮರಳು ಸರಿಸಬೇಕು. ಸ್ಫೋಟಕ ಇಟ್ಟು ಬುಲ್ಡೋಜರ್ ಓಡಿಸಿದರೆ 60 ಜನರಿಗೆ ಐದಾರು ಗಂಟೆಯ ಕೆಲಸ, ಅದೂ ಮೇಲಿಂದ ಯಾರೂ ಗುಂಡು ಹಾರಿಸದಿದ್ದರೆ. ಅಷ್ಟರಲ್ಲಿ ಇಸ್ರೇಲಿ ಟ್ಯಾಂಕುಗಳು ಬಂದು ದಡದಲ್ಲೇ ಎಲ್ಲ ಮುಗಿಸಿಬಿಡುತ್ತವೆ. ಬಾಕಿ ಝಾಕಿ ಯೂಸುಫ್ ಎಂಬ ಎಂಜಿನಿಯರ್ ಅಧಿಕಾರಿ ಆಸ್ವಾನ್ ಅಣೆಕಟ್ಟಿನ ಕೆಲಸದಲ್ಲಿದ್ದವರು. ಅಲ್ಲಿ ನೀರಿನ ರಭಸದಿಂದ ಮರಳು ಕೊಚ್ಚುವುದನ್ನು ಕಂಡಿದ್ದರು. ಕಾಲುವೆಯ ನೀರನ್ನೇ ಪಂಪಿನಿಂದ ಗೋಡೆಗೆ ಹೊಡೆಯೋಣ ಎಂದರು. ಈಜಿಪ್ಟ್ 300 ಬ್ರಿಟಿಷ್ ಪಂಪು ಕೊಂಡಿತು. ಐದು ಪಂಪು ಸೇರಿದರೆ ಮೂರು ಗಂಟೆಗೆ ಒಂದು ಬಾಗಿಲು. ಆಮೇಲೆ ಇನ್ನೂ ಜೋರಿನ 150 ಜರ್ಮನ್ ಪಂಪು ತರಿಸಿತು. ಎರಡು ಜರ್ಮನ್, ಮೂರು ಬ್ರಿಟಿಷ್ ಜೋಡಿಸಿದಾಗ ಕೆಲಸ ಎರಡೇ ಗಂಟೆಗೆ ಇಳಿಯಿತು.

ಅಕ್ಟೋಬರ್ 6ರ ಮಧ್ಯಾಹ್ನ ಎರಡು ಗಂಟೆಗೆ, ಯಹೂದಿಗಳ ಯೋಮ್ ಕಿಪ್ಪೂರ್ ಉಪವಾಸದ ದಿನ, ಸುಮಾರು 2,000 ಫಿರಂಗಿಗಳು ಒಟ್ಟಿಗೆ ಗರ್ಜಿಸಿದವು. ಮೊದಲ ಅಲೆಯಲ್ಲಿ 4,000 ಕಾಲಾಳುಗಳು ರಬ್ಬರ್ ದೋಣಿಯಲ್ಲಿ ದಾಟಿದರು. ಹಿಂದೆಯೇ ಪಂಪುಗಳು ಬಂದವು, ಅದರ ಹಿಂದೆ ತೇಲುಸೇತುವೆಗಳು. ದಕ್ಷಿಣ ಭಾಗದಲ್ಲಿ ಮಾತ್ರ ಎಡವಟ್ಟಾಯಿತು. ಅಲ್ಲಿನ ಮಣ್ಣಿನಲ್ಲಿ ಜೇಡಿ ಹೆಚ್ಚು, ನೀರು ಬಿದ್ದೊಡನೆ ಕೊಚ್ಚಿ ಹೋಗುವ ಬದಲು ಕೆಸರಾಯಿತು, ಆ ಭಾಗದ ಹೊಣೆ ಹೊತ್ತಿದ್ದ ಈಜಿಪ್ಟಿನ ಮೂರನೇ ಸೇನೆಯ ಸೇತುವೆಗಳು ತಡವಾದವು. ಹಾಗಿದ್ದೂ ಈಜಿಪ್ಟಿನ ಲೆಕ್ಕದಂತೆ 24 ಗಂಟೆಯಲ್ಲಿ 1,00,000 ಸೈನಿಕರು, 1,020 ಟ್ಯಾಂಕ್, 13,500 ವಾಹನಗಳು ಆಚೆ ದಡ ಸೇರಿದವು. ಸಾವಿರಾರು ಜನ ಸಾಯಬಹುದೆಂದು ಅಂದಾಜಿಸಿದ್ದರು. ಮೊದಲ ದಿನ ಸತ್ತವರು 280.

ಎರಡು ಆಸರೆ

ದಡ ಸೇರಿದ ಕಾಲಾಳನ್ನು ಮೊದಲ ಗಂಟೆಗಳಲ್ಲಿ ಟ್ಯಾಂಕಿನಿಂದ ಕಾಪಾಡಿದ್ದು ಸಗರ್ ಎಂದು ಹೊರಗಿನವರು ಕರೆಯುವ ಸೋವಿಯತ್ ಕ್ಷಿಪಣಿ. ರಷ್ಯನ್ ಹೆಸರು ಮಲ್ಯುತ್ಕಾ, ಎಂದರೆ ಪುಟ್ಟದು. ಕ್ಷಿಪಣಿಯ ತೂಕ ಸುಮಾರು 11 ಕೆ.ಜಿ. ಸೂಟ್‌ಕೇಸಿನಂಥ ಪೆಟ್ಟಿಗೆಯಲ್ಲಿಟ್ಟು ಬೆನ್ನಿಗೆ ಕಟ್ಟಿಕೊಂಡೇ ಮರಳಿನ ಗೋಡೆ ಹತ್ತಬಹುದು. ಪೆಟ್ಟಿಗೆಯ ಮುಚ್ಚಳವೇ ಉಡಾಯಿಸುವ ಕಟ್ಟೆ. ನಡೆಸುವವನು ಅಲ್ಲಿಂದ 15 ಮೀಟರ್‌ವರೆಗೆ ಪಕ್ಕಕ್ಕೆ ಸರಿದು ಗುಂಡಿಯಲ್ಲಿ ಕೂರುತ್ತಾನೆ. ಕಣ್ಣಿಗೆ ಪೆರಿಸ್ಕೋಪು, ಕೈಯಲ್ಲಿ ಒಂದು ಪುಟ್ಟ ಕಡ್ಡಿ. ಕ್ಷಿಪಣಿ ಹಾರುವಾಗ ಹಿಂದೆ ಕೂದಲೆಳೆಯಂಥ ತಂತಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ, ಕಡ್ಡಿ ಆಡಿಸಿದಂತೆ ಸಂಕೇತ ಆ ತಂತಿಯ ಮೂಲಕ ಮುಟ್ಟುತ್ತದೆ. ಮೂರು ಕಿಲೋಮೀಟರ್ ದೂರದ ಟ್ಯಾಂಕಿಗೆ ತಲುಪಲು 25 ಸೆಕೆಂಡಿನ ಮೇಲೆ ಬೇಕು. ಅಷ್ಟೂ ಹೊತ್ತು ಅವನ ಕಣ್ಣು ಕದಲಬಾರದು, ಕೈ ನಡುಗಬಾರದು. 500 ಮೀಟರಿಗಿಂತ ಹತ್ತಿರವಾದರೆ ಕ್ಷಿಪಣಿ ಹಿಡಿತಕ್ಕೇ ಸಿಗುವುದಿಲ್ಲ. ಆ ಕೊರತೆ ತುಂಬಲು ಪಕ್ಕದಲ್ಲಿ ಹೆಗಲ ಮೇಲಿಂದ ರಾಕೆಟ್ ಹಾರಿಸುವ ಆರ್‌ಪಿಜಿ-7 ಹಿಡಿದವರು ಇರಬೇಕು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಇದು ಕೂತು ಹೊಡೆಯುವವನ ಆಯುಧ. ಗುಂಡಿ ತೋಡಿ, ಎದುರಿನ ಬಯಲನ್ನು ಮೊದಲೇ ಅಳೆದಿಟ್ಟುಕೊಂಡು, ಶತ್ರು ತಾನಾಗಿ ಬರಲೆಂದು ಕಾಯುವವನಿಗೆ ಅದು ಬ್ರಹ್ಮಾಸ್ತ್ರ. ಟ್ಯಾಂಕಿನ ಜೊತೆ ಓಡುವವನಿಗೆ ಹೊರೆ.

ಇನ್ನೊಂದು ಆಸರೆ ಆಕಾಶದ್ದು. 1967ರಲ್ಲಿ ಈಜಿಪ್ಟಿನ ವಿಮಾನಗಳು ನೆಲದಲ್ಲೇ ಸುಟ್ಟುಹೋಗಿದ್ದವು. ಆ ಮೇಲೆ ಸೋವಿಯತ್ ನೆರವಿನಿಂದ ಕಾಲುವೆಯ ಪಶ್ಚಿಮಕ್ಕೆ ನೆಲದಿಂದ ಆಕಾಶಕ್ಕೆ ಹಾರುವ ಕ್ಷಿಪಣಿಗಳ ದಟ್ಟ ಸಾಲು ಎದ್ದಿತು. ಎತ್ತರದ ವಿಮಾನಕ್ಕೆ ಸ್ಯಾಮ್-2, ಕೆಳಮಟ್ಟಕ್ಕೆ ಸ್ಯಾಮ್-3, ಸಂಚರಿಸಬಲ್ಲ ಸ್ಯಾಮ್-6, ಅವನ್ನೆಲ್ಲ ತಪ್ಪಿಸಿಕೊಂಡು ನೆಲಕ್ಕೆ ಅಂಟಿ ಹಾರುವವರಿಗೆ ನಾಲ್ಕು ನಳಿಕೆಯ ಶಿಲ್ಕಾ ಗನ್ನು. ಒಂದನ್ನು ತಪ್ಪಿಸಿಕೊಂಡರೆ ಇನ್ನೊಂದರ ಬಾಯಿಗೆ ಬೀಳಬೇಕು. ಮೊದಲ ದಿನಗಳಲ್ಲಿ ಇಸ್ರೇಲಿ ವಾಯುಪಡೆ ಸೇತುವೆಗಳ ಮೇಲೆ ಎರಗಿ ಕೈಸುಟ್ಟುಕೊಂಡದ್ದು ಇದರಿಂದಲೇ.

ಆದರೆ ಈ ಕ್ಷಿಪಣಿ ಸಾಲೆಂಬ ಕೊಡೆಯ ಕಾವು ನೆಟ್ಟಿದ್ದು ಪಶ್ಚಿಮ ದಂಡೆಯಲ್ಲಿ. ಅದರ ನೆರಳು ಪೂರ್ವಕ್ಕೆ ಚಾಚುತ್ತಿದ್ದದ್ದು 10ರಿಂದ 15 ಕಿ.ಮೀ. ಮಾತ್ರ. ಸ್ಯಾಮ್-2, ಸ್ಯಾಮ್-3 ನೆಲೆಗಳೆಂದರೆ ರೇಡಾರು, ಅದರ ಸುತ್ತ ಉಡಾವಣಾ ಕಟ್ಟೆಗಳು, ಕೇಬಲ್ಲು, ಮಣ್ಣಿನ ದಿಬ್ಬ. ಕಿತ್ತು ಬೇರೆಡೆ ನೆಡುವುದು ಗಂಟೆಗಟ್ಟಲೆ ಹಿಡಿಯುವ ಕೆಲಸ, ಅಷ್ಟು ಹೊತ್ತು ಅದು ಕುರುಡು. ಚಕ್ರಪಟ್ಟಿಯ ಮೇಲೆ ಓಡುವ ಸ್ಯಾಮ್-6 ಮಾತ್ರ ಟ್ಯಾಂಕಿನ ಹಿಂದೆ ಬರಬಲ್ಲದು, ಅವು ಬೇಕಾದಷ್ಟಿರಲಿಲ್ಲ.

ಸೇನಾ ಮುಖ್ಯಸ್ಥ ಸಾದ್ ಅಲ್-ಶಾಜ್ಲಿ ಇಡೀ ಯೋಜನೆಯನ್ನು ಈ ನೆರಳಿನ ಅಳತೆಗೆ ಕತ್ತರಿಸಿದ್ದರು. ದಾಟು, 10-12 ಕಿ.ಮೀ. ಹೋಗು, ನೆಲ ತೋಡಿ ಕೂರು, ಶತ್ರು ಬಂದು ತಲೆ ಚಚ್ಚಿಕೊಳ್ಳಲಿ. ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಯುದ್ಧತಂತ್ರ. ಪೌರುಷದ ಮಾತಾಡುವವರಿಗೆ ಇದು ಸಪ್ಪೆ ಅನ್ನಿಸಬಹುದು. ನನಗೆ ಇಡೀ ಯುದ್ಧದಲ್ಲಿ ಕಾಣುವ ಅತ್ಯಂತ ಜಾಣ ಕಾಗದ ಇದೇ.

ಅದು ಫಲಿಸಿತು ಕೂಡ. ಅಕ್ಟೋಬರ್ 8ರಂದು ಇಸ್ರೇಲಿ ಜನರಲ್ ಅವ್ರಹಾಂ ಅದಾನ್ ಅವರ ಡಿವಿಜನ್ ಎದುರುದಾಳಿಗೆ ಇಳಿಯಿತು. ಟ್ಯಾಂಕುಗಳ ಜೊತೆ ಕಾಲಾಳಿಲ್ಲ, ಸಾಕಷ್ಟು ಫಿರಂಗಿ ಇಲ್ಲ, ಮೇಲಿನಿಂದ ಬರುವ ಆದೇಶಗಳಲ್ಲಿ ಒಂದಕ್ಕೊಂದು ತಾಳೆಯಿಲ್ಲ. ಬೆಟಾಲಿಯನ್‌ಗಳು ಒಂದೊಂದಾಗಿ ನುಗ್ಗಿ ಸಗರ್‌ಗಳ ಬಾಯಿಗೆ ಬಿದ್ದವು. ಒಂದು ಬೆಟಾಲಿಯನ್ನಿನ ಕಮಾಂಡರೇ ಸೆರೆಸಿಕ್ಕಿ ಈಜಿಪ್ಟಿನ ಟಿ.ವಿ.ಯಲ್ಲಿ ಕಾಣಿಸಿಕೊಂಡರು. ಆರು ದಿನ ಬಿಟ್ಟು ಈಜಿಪ್ಟ್ ಮಾಡಿದ್ದೂ ಹೆಚ್ಚುಕಡಿಮೆ ಇದೇ ತಪ್ಪನ್ನು, ಮುಖ ತಿರುಗಿಸಿಕೊಂಡು.

ಡಮಾಸ್ಕಸ್‌ನಿಂದ ಬಂದ ಒತ್ತಡ

ಯುದ್ಧ ಎರಡು ಕಡೆ ನಡೆಯುತ್ತಿತ್ತು. ಅತ್ತ ಗೋಲನ್ ಎತ್ತರದಲ್ಲಿ ಸಿರಿಯಾ ಅದೇ ಅಕ್ಟೋಬರ್ 6ರಂದು ದಾಳಿ ಶುರುಮಾಡಿ ಮೊದಲೆರಡು ದಿನ ಮುನ್ನುಗ್ಗಿತ್ತು. 10ರ ಹೊತ್ತಿಗೆ ಇಸ್ರೇಲ್ ಅದನ್ನು ಹಿಂದಕ್ಕೆ ತಳ್ಳಿ, 11ರಿಂದ ಡಮಾಸ್ಕಸ್ ಕಡೆಗೇ ನಡೆಯತೊಡಗಿತು. ನೀವು ಕಾಲುವೆ ದಡದಲ್ಲಿ ಸುಮ್ಮನೆ ಕೂತರೆ ಇಸ್ರೇಲಿನ ಇಡೀ ಬಲ ನಮ್ಮ ಮೇಲೆ ಬೀಳುತ್ತದೆ ಎನ್ನುವುದು ಸಿರಿಯಾದ ದೂರು. ದೂರಿನಲ್ಲಿ ನ್ಯಾಯವಿತ್ತು. ಈಜಿಪ್ಟ್ ಸಿನಾಯ್‌ನ ಒಳಗಿನ ಮಿತ್ಲಾ, ಗಿದ್ದಿ ಕಣಿವೆದಾರಿಗಳವರೆಗೆ ಬರುತ್ತದೆ ಎಂಬ ಇನ್ನೊಂದು ಯೋಜನೆಯನ್ನೇ ಸಿರಿಯಾಕ್ಕೆ ತೋರಿಸಲಾಗಿತ್ತು ಎಂದು ಶಾಜ್ಲಿಯೇ ಆಮೇಲೆ ಬರೆದರು.

ಅಧ್ಯಕ್ಷ ಅನ್ವರ್ ಸಾದಾತ್ ಮುನ್ನುಗ್ಗಲು ಆದೇಶಿಸಿದರು. ಶಾಜ್ಲಿ ಬೇಡವೆಂದರು. ಕಾಲುವೆಯ ಉತ್ತರ ಭಾಗದಲ್ಲಿದ್ದ ಎರಡನೇ ಸೇನೆಯ ಕಮಾಂಡರ್ ಸಾದ್ ಮಾಮೂನ್, ಮೂರನೇ ಸೇನೆಯ ಕಮಾಂಡರ್ ಅಬ್ದುಲ್ ಮುನೀಮ್ ವಾಸಿಲ್ ಕೂಡ ವಿರೋಧಿಸಿದರು. ಯುದ್ಧ ಮಂತ್ರಿ ಅಹ್ಮದ್ ಇಸ್ಮಾಯಿಲ್ ಅಲಿ ಇದು ರಾಜಕೀಯ ನಿರ್ಧಾರ, ಚರ್ಚೆಗೆ ಅವಕಾಶವಿಲ್ಲ ಎಂದು ಮುಗಿಸಿದರು. 13ಕ್ಕೆಂದು ಗೊತ್ತಾಗಿದ್ದ ದಾಳಿ 14ರ ಬೆಳಗಿಗೆ ಸರಿಯಿತು.

ಕಾಲುವೆ ದಾಟಿದ್ದ ಟ್ಯಾಂಕುಗಳು ಪದಾತಿ ಡಿವಿಜನ್‌ಗಳಿಗೆ ಅಂಟಿಕೊಂಡು ರಕ್ಷಣೆಗೆ ನಿಂತಿದ್ದವು, ಅವನ್ನು ಕಿತ್ತರೆ ದಡವೇ ಬರಿದು. ಹಾಗಾಗಿ ಪಶ್ಚಿಮ ದಂಡೆಯಲ್ಲಿ ಮೀಸಲಾಗಿ ಇರಿಸಿದ್ದ 21ನೇ ಟ್ಯಾಂಕ್ ಡಿವಿಜನ್ನನ್ನೂ 4ನೇ ಟ್ಯಾಂಕ್ ಡಿವಿಜನ್ನಿನ ಭಾಗವನ್ನೂ 12-13ರಂದು ಸೇತುವೆ ಹತ್ತಿಸಿ ಪೂರ್ವಕ್ಕೆ ತಂದರು. ಮೀಸಲು ಎಂದರೆ ಕೆಲಸವಿಲ್ಲದೆ ಕೂತ ಪಡೆಯಲ್ಲ. ಶತ್ರು ಎಲ್ಲಾದರೂ ನುಸುಳಿ ಕಾಲುವೆ ದಾಟಿದರೆ ಓಡಿಹೋಗಿ ಮುಚ್ಚುವುದೇ ಅದರ ಕೆಲಸ. ಈಗ ಪಶ್ಚಿಮದಲ್ಲಿ ಅಂಥ ಕೆಲಸಕ್ಕೆ ಉಳಿದದ್ದು ಹೆಚ್ಚೆಂದರೆ ಒಂದು ಟ್ಯಾಂಕ್ ಬ್ರಿಗೇಡಿನಷ್ಟು.

ಇತ್ತ ಇಸ್ರೇಲಿನಲ್ಲಿ ಬೇರೊಂದು ಲೆಕ್ಕ ನಡೆದಿತ್ತು. ನಾವೇ ಕಾಲುವೆ ದಾಟೋಣವೇ ಎಂದು 12ರಂದು ಪ್ರಧಾನಿ ಗೋಲ್ಡಾ ಮೆಯಿರ್ ಮುಂದೆ ಚರ್ಚೆ. ಅಡ್ಡಿಯಾಗಿದ್ದದ್ದು ಪಶ್ಚಿಮ ದಂಡೆಯ ಆ ಮೀಸಲು ಟ್ಯಾಂಕುಗಳೇ. ಚರ್ಚೆ ನಡೆಯುತ್ತಿರುವಾಗಲೇ ಗುಪ್ತಚರ ಸಂಸ್ಥೆಯಿಂದ ಸುದ್ದಿ ಬಂತು: ಈಜಿಪ್ಟ್ ದೊಡ್ಡ ದಾಳಿಗೆ ಸಿದ್ಧವಾಗುತ್ತಿದೆ. ದಾಟುವ ವಿಚಾರ ಅಲ್ಲಿಗೆ ನಿಂತಿತು. ಅವರು ಬರಲಿ, ಮೊದಲು ಅವರನ್ನು ಮುರಿಯೋಣ, ಆಮೇಲೆ ದಾಟೋಣ. ತಾವು ಬಯಸಿದ್ದನ್ನೇ ಶತ್ರು ಮಾಡಲು ಹೊರಟಿದ್ದಾನೆ ಎಂದು ಮುಂಚಿತವಾಗಿ ತಿಳಿಯುವ ಅದೃಷ್ಟ ಸೇನಾಪತಿಗಳಿಗೆ ದಿನಾ ಸಿಗುವಂಥದ್ದಲ್ಲ.

ಬೆಳಗ್ಗೆ ಆರೂವರೆ

14ರ ಬೆಳಗ್ಗೆ 6.15ಕ್ಕೆ ಫಿರಂಗಿ ಶುರು, 15 ನಿಮಿಷದ ನಂತರ ಟ್ಯಾಂಕುಗಳು ಕದಲಿದವು. ಉತ್ತರದಲ್ಲಿ ಸೋವಿಯತ್ ಟಿ-62 ಟ್ಯಾಂಕುಗಳ ಒಂದು ಬ್ರಿಗೇಡ್ ರೊಮಾನಿ ಕಡೆಗೆ. ನಡುವೆ ಇಸ್ಮಾಯಿಲಿಯಾ ಎದುರಿನಿಂದ 21ನೇ ಡಿವಿಜನ್ನಿನ ಎರಡು ಬ್ರಿಗೇಡ್ ತಾಸಾ ಎಂಬ ರಸ್ತೆಕೂಟದತ್ತ. ದಕ್ಷಿಣದಲ್ಲಿ ಗಿದ್ದಿ ಮತ್ತು ಮಿತ್ಲಾ ಕಣಿವೆದಾರಿಗಳ ಕಡೆಗೆ ಒಂದೊಂದು ಬ್ರಿಗೇಡ್. ನೂರು ಕಿಲೋಮೀಟರಿಗೂ ಮೀರಿದ ಅಗಲದಲ್ಲಿ ನಾಲ್ಕು ತೆಳ್ಳನೆಯ ಬೆರಳು. ಒಬ್ಬರಿಗೆ ತೊಂದರೆಯಾದರೆ ಇನ್ನೊಬ್ಬರು ನೆರವಿಗೆ ಬರುವ ಮಾತೇ ಇಲ್ಲ. 400 ಟ್ಯಾಂಕ್ ಒಂದೇ ಕಡೆ ನುಗ್ಗಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ಬಿಡಿಬಿಡಿಯಾಗಿ ಹೋದಾಗ ಪ್ರತಿಯೊಂದೂ ತನಗಿಂತ ದೊಡ್ಡ ಪಡೆಯನ್ನು ಎದುರಿಸಿತು. ಸಿನಾಯ್‌ನಲ್ಲಿ ಇಸ್ರೇಲಿನ ಬಳಿ ಆಗ 700ಕ್ಕೂ ಹೆಚ್ಚು ಟ್ಯಾಂಕುಗಳಿದ್ದವು. ಟ್ಯಾಂಕ್ ಯುದ್ಧದ ಲೆಕ್ಕದಲ್ಲಿ ದಾಳಿ ಮಾಡುವವನಿಗೆ ಮೂರು ಪಟ್ಟು ಬಲ ಬೇಕು ಎನ್ನುತ್ತಾರೆ, ಇಲ್ಲಿ ದಾಳಿಕೋರನೇ ಅರ್ಧ.

ಜೊತೆಗೆ ದಿಕ್ಕು. ಪಶ್ಚಿಮದಿಂದ ಪೂರ್ವಕ್ಕೆ, ಸೂರ್ಯ ಹುಟ್ಟುವ ಹೊತ್ತಿಗೆ. ಬಿಸಿಲು ಗುರಿಕಾರನ ಕಣ್ಣಿಗೆ ನೇರ ಹೊಡೆಯುತ್ತದೆ, ಅವನು ಹುಡುಕಬೇಕಾದ ಟ್ಯಾಂಕ್ ಆ ಬೆಳಕಿನ ಕೆಳಗೆ ದಿಣ್ಣೆಯ ಕಪ್ಪಿನಲ್ಲಿ ಅಡಗಿರುತ್ತದೆ.

ದಿಣ್ಣೆ ಎಂದೆನಲ್ಲ, ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಂದಿನ ಅರ್ಧ ಯುದ್ಧ ಅಲ್ಲೇ ತೀರ್ಮಾನವಾಯಿತು. ಟ್ಯಾಂಕಿನ ನಳಿಕೆ ಸಮತಲದಿಂದ ಎಷ್ಟು ಕೆಳಗೆ ಬಾಗುತ್ತದೆ ಎನ್ನುವುದು ಓದುವಾಗ ಕ್ಷುಲ್ಲಕವಾಗಿ ಕಾಣುವ ಅಂಕಿ. ಇಸ್ರೇಲಿನ ಸೆಂಚುರಿಯನ್ ಮತ್ತು ಪ್ಯಾಟನ್‌ಗಳಲ್ಲಿ ಅದು ಸುಮಾರು 10 ಡಿಗ್ರಿ. ಈಜಿಪ್ಟಿನ ಟಿ-55ರಲ್ಲಿ ಸುಮಾರು 5. ಸೋವಿಯತ್ ಟ್ಯಾಂಕ್ ತಗ್ಗಾಗಿರಲಿ, ದೂರದಿಂದ ಕಾಣದಿರಲಿ ಎಂದು ಮೇಲಿನ ಗೋಪುರವನ್ನು ಚಪ್ಪಟೆ ಮಾಡಿದ್ದರು. ಒಳಗೆ ಫಿರಂಗಿಯ ಹಿಂತುದಿ ಮೇಲೇಳಲು ಜಾಗವಿಲ್ಲ, ಹಾಗಾಗಿ ಮುಂತುದಿ ಕೆಳಗೆ ಬಾಗುವುದಿಲ್ಲ.

ಈಗ 8 ಡಿಗ್ರಿ ಇಳಿಜಾರಿನ ಒಂದು ಮರಳು ದಿಣ್ಣೆ ಊಹಿಸಿಕೊಳ್ಳಿ. ಸೆಂಚುರಿಯನ್ ಹಿಂಬದಿಯಿಂದ ಏರಿ ನೆತ್ತಿಯ ಹತ್ತಿರ ನಿಲ್ಲುತ್ತದೆ. ಮೂತಿ ಆಕಾಶಕ್ಕೆ 8 ಡಿಗ್ರಿ ಎತ್ತಿದೆ, ನಳಿಕೆಯನ್ನು 10 ಡಿಗ್ರಿ ತಗ್ಗಿಸಿದರೆ ಎದುರಿನ ಬಯಲು ಗುರಿಗೆ ಸಿಕ್ಕಿತು. ಹೊರಗೆ ಕಾಣುವುದು ಗೋಪುರ ಮಾತ್ರ. ಅದೇ ಜಾಗದಲ್ಲಿ ಟಿ-55 ನಿಂತರೆ 5 ಡಿಗ್ರಿ ತಗ್ಗಿಸಿದ ಮೇಲೂ ನಳಿಕೆ 3 ಡಿಗ್ರಿ ಆಕಾಶಕ್ಕೇ ನೋಡುತ್ತಿರುತ್ತದೆ. ಗುಂಡು ಹಾರಿಸಬೇಕಾದರೆ ನೆತ್ತಿ ದಾಟಿ ಪೂರ್ತಿ ಮೈ ಹೊರಗೆ ತೋರಿಸಲೇಬೇಕು. ಅಂದು ದಾಳಿ ಮಾಡುತ್ತಿದ್ದವರಂತೂ ಹೇಗೂ ಬಯಲಲ್ಲೇ ಇದ್ದರು.

ದೂರ ಅಳೆಯುವುದು ಇನ್ನೊಂದು ತೊಡಕು. ಟಿ-55ರ ಗುರಿಕಾರನಿಗೆ ದೂರಮಾಪಕ ಯಂತ್ರವಿಲ್ಲ. ದುರ್ಬೀನಿನ ಗಾಜಿನಲ್ಲಿ ಗೆರೆಗಳಿರುತ್ತವೆ. ಶತ್ರು ಟ್ಯಾಂಕ್ 2.7 ಮೀಟರ್ ಎತ್ತರವಿದೆ ಎಂದಿಟ್ಟುಕೊಂಡು ಅದನ್ನು ಗೆರೆಗಳ ನಡುವೆ ಕೂರಿಸಿ ದೂರ ಓದಬೇಕು. ಪೂರ್ತಿ ಟ್ಯಾಂಕ್ ಕಂಡರೆ ಲೆಕ್ಕ ಸರಿ. ದಿಣ್ಣೆಯ ಮೇಲೆ ಬರೀ ಗೋಪುರ ಕಂಡಾಗ ಅದು ಚಿಕ್ಕದಾಗಿ ಕಾಣುತ್ತದೆ, ಚಿಕ್ಕದೆಂದರೆ ದೂರವಿದೆ ಎಂದು ಗೆರೆ ಹೇಳುತ್ತದೆ, ಗುಂಡು ತಲೆಯ ಮೇಲೆ ಹಾದುಹೋಗುತ್ತದೆ. ಅದನ್ನು ಸರಿಪಡಿಸಿ ಎರಡನೆಯದನ್ನು ಹಾರಿಸುವಷ್ಟರಲ್ಲಿ ಎದುರಿನ 105 ಮಿ.ಮೀ. ಫಿರಂಗಿ ಎರಡು ಸಲ ಕೆಮ್ಮಿರುತ್ತದೆ. ಎರಡು ಕಿಲೋಮೀಟರಿನಾಚೆಯೂ ಹೊಡೆಯುವ ತರಬೇತಿ ಇಸ್ರೇಲಿ ಗುರಿಕಾರರಿಗೆ ಇತ್ತು, ಮತ್ತು ಹಿಂದಿನ ಎಂಟು ದಿನಗಳಲ್ಲಿ ಅವರಿಗೆ ಅಭ್ಯಾಸವೂ ಆಗಿತ್ತು.

ಸಗರ್‌ಗಳೆಲ್ಲಿ? ಬಹುಪಾಲು ಹಿಂದೆ, ದಡದ ಗುಂಡಿಗಳಲ್ಲೇ. ಇಷ್ಟರಲ್ಲಿ ಇಸ್ರೇಲಿಗಳೂ ಪಾಠ ಕಲಿತಿದ್ದರು. ಉಡಾಯಿಸಿದ ಹೊಗೆ ಕಂಡೊಡನೆ ಕೂಗಿ ಹೇಳಲು ಒಬ್ಬ, ಆ ಜಾಗಕ್ಕೆ ಮೆಷಿನ್‌ಗನ್ ಸುರಿಸಲು ಎಲ್ಲರೂ. ನಡೆಸುವವನು 25 ಸೆಕೆಂಡು ತಲೆ ಎತ್ತಿರಲೇಬೇಕು ಎನ್ನುವುದೇ ಆ ಆಯುಧದ ಬಲಹೀನತೆ. ಕಾಲಾಳು ಹೊತ್ತ ವಾಹನಗಳೂ ಮಾರ್ಟರ್‌ಗಳೂ ಈಗ ಟ್ಯಾಂಕಿನ ಜೊತೆಗಿದ್ದವು.

ಮಿತ್ಲಾ ಕಡೆಗೆ ಹೋದ ಬ್ರಿಗೇಡ್ ಕೊಡೆಯ ನೆರಳಿನಿಂದ ಎಲ್ಲರಿಗಿಂತ ಹೊರಗೆ ಬಂತು. ಅಲ್ಲಿ ವಿಮಾನಗಳಿಗೆ ಅಡ್ಡಿಯಿರಲಿಲ್ಲ. ಮೇಲಿಂದ ಬಾಂಬು, ಎದುರಿನಿಂದ ಟ್ಯಾಂಕ್, ಎರಡು ಗಂಟೆಯೊಳಗೆ ಬ್ರಿಗೇಡಿನ ಬಹುಪಾಲು ನಾಶ, ಅದರ ಕಮಾಂಡರೂ ಸತ್ತರು. ಕೊಡೆಯ ಕಥೆಯನ್ನು ಅತಿಯಾಗಿ ಹಿಗ್ಗಿಸುವವರಿಗೆ ಒಂದು ಮಾತು: ನಡುಭಾಗದಲ್ಲಿ ಇಸ್ರೇಲಿ ಜನರಲ್ ಏರಿಯಲ್ ಶರೋನ್ ಅವರ ಡಿವಿಜನ್ 21ನೇ ಡಿವಿಜನ್ನನ್ನು ಮುರಿದದ್ದು ಮುಖ್ಯವಾಗಿ ಟ್ಯಾಂಕ್ ಫಿರಂಗಿಯಿಂದ, ವಿಮಾನದಿಂದಲ್ಲ. ನೆರಳಿನ ಒಳಗಿದ್ದರೂ ಆ ದಾಳಿ ಸೋಲುತ್ತಿತ್ತು ಎಂದೇ ನನ್ನ ಎಣಿಕೆ. ಗೆಲುವು ಕೊಟ್ಟ ಪದಾತಿ, ಕ್ಷಿಪಣಿ, ಫಿರಂಗಿ, ಕೊಡೆ ಎಂಬ ನಾಲ್ಕರಲ್ಲಿ ಮೂರನ್ನು ಮನೆಯಲ್ಲೇ ಬಿಟ್ಟು ಹೊರಟಿದ್ದರು.

ಮಧ್ಯಾಹ್ನದ ಹೊತ್ತಿಗೆ ಉಳಿದವರು ಹಿಂದಿರುಗಿದರು. ಶಾಜ್ಲಿ ಕೊಟ್ಟ ಲೆಕ್ಕದಲ್ಲೇ ನಷ್ಟ 250 ಟ್ಯಾಂಕ್. ಇಸ್ರೇಲಿನದು 20-25 ಎಂದು ಸಾಮಾನ್ಯವಾಗಿ ಹೇಳುತ್ತಾರೆ, ಅದರಲ್ಲೂ ಹಲವು ರಿಪೇರಿಯಾದವು. ಎರಡನೇ ಸೇನೆಯ ಮಾಮೂನ್ ಅದೇ ದಿನ ಹೃದಯಾಘಾತದಿಂದ ಕುಸಿದರು. ದಾಳಿಯಿಂದ ಸಿರಿಯಾಕ್ಕೆ ಆದ ಉಪಕಾರ ಏನೂ ಇಲ್ಲ. ಇಸ್ರೇಲ್ ಗೋಲನ್‌ನಿಂದ ಒಂದು ಬ್ರಿಗೇಡನ್ನೂ ಸಿನಾಯ್‌ಗೆ ಕರೆಸಿಕೊಳ್ಳಬೇಕಾಗಲಿಲ್ಲ.

ತೆರೆದ ಬಾಗಿಲು

ಶಾಜ್ಲಿ ಕೇಳಿದ್ದು ಒಂದೇ: 21ನೇ ಮತ್ತು 4ನೇ ಡಿವಿಜನ್‌ಗಳಲ್ಲಿ ಉಳಿದದ್ದನ್ನು ವಾಪಸು ಪಶ್ಚಿಮಕ್ಕೆ ಕಳಿಸಿ. ಸಿಗಲಿಲ್ಲ. ಗೆದ್ದ ನೆಲದಿಂದ ಟ್ಯಾಂಕುಗಳು ಹಿಂದೆ ಸರಿದರೆ ಸೈನಿಕರು ಧೈರ್ಯಗೆಡುತ್ತಾರೆ ಎನ್ನುವುದು ಮೇಲಿನವರ ಭಯ. ನಕ್ಷೆ ನೋಡಿದರೆ ಅವರ ಭಯ ತಪ್ಪಾದ ಜಾಗಕ್ಕೆ ನೆಟ್ಟಿತ್ತು ಎನಿಸುತ್ತದೆ.

ಎರಡನೇ ಸೇನೆ ಎಲ್ಲಿ ಮುಗಿಯುತ್ತದೋ ಮೂರನೇ ಸೇನೆ ಅಲ್ಲಿಂದಲೇ ಶುರುವಾಗುತ್ತಿರಲಿಲ್ಲ. ನಡುವೆ ಗ್ರೇಟ್ ಬಿಟರ್ ಲೇಕ್ ಎಂಬ ದೊಡ್ಡ ಉಪ್ಪುನೀರಿನ ಸರೋವರ. 1967ರಲ್ಲಿ ಕಾಲುವೆ ಮುಚ್ಚಿದಾಗ ಸಿಕ್ಕಿಬಿದ್ದ 14 ಸರಕು ಹಡಗುಗಳು ಮರಳಿನ ಧೂಳು ಮೆತ್ತಿಕೊಂಡು ಅಲ್ಲೇ ಲಂಗರು ಹಾಕಿ ನಿಂತಿದ್ದವು. ಭಾರತದಿಂದ ಯುರೋಪಿಗೆ ಹೋಗುವ ಹಡಗುಗಳು ಆ ಎಂಟು ವರ್ಷ ಆಫ್ರಿಕಾ ಸುತ್ತಿ ಹೋಗಬೇಕಾದದ್ದು ಈ ಮುಚ್ಚಿದ ಕಾಲುವೆಯಿಂದಲೇ. ಸರೋವರದ ಉತ್ತರ ತುದಿಯ ದೆವೆರ್ಸ್ವಾರ್ ಬಳಿ ಎರಡು ಸೇನೆಗಳ ನಡುವೆ ಕಾವಲಿಲ್ಲದ ಸಂದು ಇದೆಯೆಂದು ಶರೋನ್ ಅವರ ಗಸ್ತು ತಂಡ 9ರಂದೇ ಕಂಡುಕೊಂಡಿತ್ತು.

15ರ ರಾತ್ರಿ ಇಸ್ರೇಲ್ ಆ ಸಂದಿನಲ್ಲಿ ಇಳಿಯಿತು. ಸುಲಭವಾಗಲಿಲ್ಲ. ಹತ್ತಿರದಲ್ಲೇ ಒಂದು ಹಳೆಯ ಕೃಷಿ ಕೇಂದ್ರವಿತ್ತು. ಅಲ್ಲಿನ ಜಪಾನಿ ಯಂತ್ರಗಳ ಮೇಲಿನ ಬರಹವನ್ನು ಚೀನೀ ಎಂದುಕೊಂಡ ಇಸ್ರೇಲಿಗಳು ಅದಕ್ಕೆ 'ಚೈನೀಸ್ ಫಾರ್ಮ್' ಎಂದು ಹೆಸರಿಟ್ಟಿದ್ದರು. ಅದರ ನೀರುಗಾಲುವೆಗಳಲ್ಲಿ ಅಡಗಿದ್ದ ಈಜಿಪ್ಟಿನ 16ನೇ ಡಿವಿಜನ್, ಜೊತೆಗೆ 21ನೇ ಡಿವಿಜನ್ನಿನ ಅಳಿದುಳಿದ ಟ್ಯಾಂಕುಗಳು ಮೊದಲ ರಾತ್ರಿಯೇ ನೂರಕ್ಕೂ ಹೆಚ್ಚು ಇಸ್ರೇಲಿಗಳನ್ನು ಕೊಂದವು. ಗುಂಡಿಯಲ್ಲಿ ಕೂತು ಕಾದಾಡುವಾಗ ಇದೇ ಸೈನಿಕರು ಎಂಥವರಾಗಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ದಾಟುವ ಸಲಕರಣೆಯೂ ಕೈಕೊಟ್ಟಿತು. ಇಸ್ರೇಲ್ ಉರುಳೆಗಳ ಮೇಲೆ ಕೂರಿಸಿದ 180 ಮೀಟರ್ ಉದ್ದದ, ಸುಮಾರು 400 ಟನ್ನಿನ ಸಿದ್ಧ ಸೇತುವೆಯೊಂದನ್ನು ತಯಾರಿಸಿತ್ತು. ಅದನ್ನು ಹತ್ತಾರು ಟ್ಯಾಂಕುಗಳು ಎಳೆಯಬೇಕು. ದಿಣ್ಣೆ ಇಳಿಯುವಾಗ ಮುರಿದು ಮೂರು ದಿನ ತಡವಾಯಿತು. ಮೊದಲ ಟ್ಯಾಂಕುಗಳು ದಾಟಿದ್ದು ಜಿಲ್ವಾ ಎಂಬ, ನೀರಿಗಿಳಿದರೆ ತೆಪ್ಪವಾಗುವ ಫ್ರೆಂಚ್ ವಾಹನಗಳ ಮೇಲೆ. ಅವುಗಳ ಪಕ್ಕದ ರಬ್ಬರ್ ಗಾಳಿಚೀಲಕ್ಕೆ ಶೆಲ್ ಚೂರು ತಗುಲಿದರೆ ಮುಳುಗಿದಂತೆಯೇ, ಕೆಲವು ಮುಳುಗಿದವು ಕೂಡ.

16ರ ಬೆಳಗ್ಗೆ ಪಶ್ಚಿಮ ದಂಡೆಯಲ್ಲಿ ಇಸ್ರೇಲಿನ ಸುಮಾರು 30 ಟ್ಯಾಂಕುಗಳಷ್ಟೇ ಇದ್ದವು. ಒಂದು ಪೂರ್ಣ ಟ್ಯಾಂಕ್ ಡಿವಿಜನ್ ಅಲ್ಲಿ ಮೀಸಲಿದ್ದಿದ್ದರೆ ಸಂಜೆಯೊಳಗೆ ಅವನ್ನು ನೀರಿಗೆ ತಳ್ಳಬಹುದಿತ್ತು. ಡಿವಿಜನ್ ಆಚೆ ದಡದಲ್ಲಿತ್ತು. ಕೈರೋಗೆ ಮುಟ್ಟಿದ ಮೊದಲ ವರದಿಗಳು ಬೆರಳೆಣಿಕೆಯ ಟ್ಯಾಂಕುಗಳು ನುಸುಳಿವೆ ಎಂದವು, ಯಾರೂ ಗಾಬರಿಯಾಗಲಿಲ್ಲ. ಆ ಟ್ಯಾಂಕುಗಳು ಅಷ್ಟರಲ್ಲಿ ಹುಡುಕಿಕೊಂಡು ಹೋಗಿದ್ದು ಸ್ಯಾಮ್ ನೆಲೆಗಳನ್ನು. ಆಕಾಶ ನೋಡುವ ಕ್ಷಿಪಣಿಗೆ ನೂರು ಮೀಟರಿನಿಂದ ಗುಂಡು ಹಾರಿಸುವ ಟ್ಯಾಂಕಿನ ಎದುರು ಏನೂ ಮಾಡಲಾಗದು. ಒಂದೊಂದು ನೆಲೆ ಹೋದಂತೆ ಕೊಡೆಯಲ್ಲಿ ತೂತು ಬಿದ್ದಿತು, ಆ ತೂತಿನ ಮೂಲಕ ವಿಮಾನಗಳು ಬಂದವು.

17ರಂದು ಮೂರನೇ ಸೇನೆ ತನ್ನ 25ನೇ ಟ್ಯಾಂಕ್ ಬ್ರಿಗೇಡನ್ನು ಸರೋವರದ ದಂಡೆಗುಂಟ ಉತ್ತರಕ್ಕೆ ಕಳಿಸಿತು, ಸಂದನ್ನು ದಕ್ಷಿಣದಿಂದ ಮುಚ್ಚಲು. ಎಡಕ್ಕೆ ನೀರು ಮತ್ತು ನೆಲಬಾಂಬು, ಬಲಕ್ಕೆ ದಿಣ್ಣೆಗಳಲ್ಲಿ ಅದಾನ್ ಅವರ ಟ್ಯಾಂಕುಗಳು. ಇಸ್ರೇಲಿನ ಲೆಕ್ಕದಂತೆ 96 ಟಿ-62ಗಳಲ್ಲಿ 86 ಸುಟ್ಟವು. 14ರ ಪಾಠ ಮೂರೇ ದಿನಕ್ಕೆ ಮತ್ತೊಮ್ಮೆ.

ಅಲ್ಲಿಂದಾಚೆಗೆ ಅದಾನ್ ಪಶ್ಚಿಮ ದಂಡೆಯಲ್ಲಿ ದಕ್ಷಿಣಕ್ಕೆ ತಿರುಗಿದರು. ವಿಶ್ವಸಂಸ್ಥೆಯ ಕದನವಿರಾಮ 22ರಂದು ಜಾರಿಯಾದರೂ ನಿಲ್ಲದೆ ಮುಂದುವರಿದು ಸೂಯೆಜ್ ನಗರದ ರಸ್ತೆಗಳನ್ನು ಕಡಿದರು. 24ರಂದು ನಗರದ ಒಳಗೆ ನುಗ್ಗಿದ ಇಸ್ರೇಲಿ ಪಡೆ ಓಣಿಗಳಲ್ಲಿ ಪೆಟ್ಟು ತಿಂದು ಹೊರಬಂತು, ಆದರೆ ಮೂರನೇ ಸೇನೆಯ ಹಿಂದಿನ ದಾರಿಗಳೆಲ್ಲ ಮುಚ್ಚಿದ್ದವು. ಪೂರ್ವ ದಂಡೆಯಲ್ಲಿ ಸುಮಾರು 30,000ಕ್ಕೂ ಮಿಕ್ಕಿದ ಸೈನಿಕರು ಅನ್ನ, ನೀರು, ಔಷಧಿಯಿಲ್ಲದೆ ಉಳಿದರು.

28ರಂದು ಕೈರೋ-ಸೂಯೆಜ್ ರಸ್ತೆಯ 101ನೇ ಕಿಲೋಮೀಟರ್ ಕಲ್ಲಿನ ಬಳಿ ಈಜಿಪ್ಟಿನ ಜನರಲ್ ಗಮಾಸಿ ಮತ್ತು ಇಸ್ರೇಲಿನ ಜನರಲ್ ಅಹರೋನ್ ಯಾರಿವ್ ಎದುರುಬದುರು ಕೂತರು. ಮಾತಿನ ಮೊದಲ ವಿಷಯಗಳಲ್ಲಿ ಒಂದು, ಮೂರನೇ ಸೇನೆಗೆ ನೀರು, ಆಹಾರ ಹೊತ್ತ ಲಾರಿಗಳನ್ನು ಬಿಡುವುದು. ಡಿಸೆಂಬರಿನಲ್ಲಿ ಸಾದಾತ್ ಶಾಜ್ಲಿಯನ್ನು ಹುದ್ದೆಯಿಂದ ತೆಗೆದರು. ಯುದ್ಧದಲ್ಲಾದ ತಪ್ಪುಗಳಿಗೆ ಯಾರು ಹೊಣೆ ಎಂಬ ಬಗ್ಗೆ ಇಬ್ಬರೂ ಆಮೇಲೆ ಪರಸ್ಪರ ವಿರುದ್ಧವಾಗಿ ಬರೆದುಕೊಂಡರು.